ಸೂಯೆಜ್‌ನಲ್ಲಿ ಹಡಗು ಅಡ್ಡ ನಿಂತಾಗ

ಆ ಹಡಗಿನ ಸುದ್ದಿ ನನಗೆ ಮೊದಲು ತಲುಪಿದ್ದು ಒಂದು ತಮಾಷೆಯಾಗಿ. ನಮ್ಮ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಚಿತ್ರ ಹಾಕಿದ್ದರು. ಮರಳಿನ ದಡಕ್ಕೆ ಮೂತಿ ಚುಚ್ಚಿಕೊಂಡು ನಿಂತ ಬೆಟ್ಟದಂಥ ಹಡಗು, ಅದರ ಬುಡದಲ್ಲಿ ಮಣ್ಣು ಕೆರೆಯುತ್ತಿರುವ ಒಂದು ಪುಟ್ಟ ಜೆಸಿಬಿ. ಹಡಗಿನ ಮೇಲೆ ‘ಆಫೀಸ್ ಕೆಲಸ’ ಅಂತಲೂ ಜೆಸಿಬಿ ಮೇಲೆ ‘ನಾನು’ ಅಂತಲೂ ಬರೆದಿತ್ತು. ನಾನೂ ನಕ್ಕೆ. ಕಾಫಿ ಲೋಟ ತೊಳೆದಿಟ್ಟು, ಮೆಟ್ಟಿಲಿಳಿದು, ಕೋವಿಡ್ ಶುರುವಾದಾಗಿನಿಂದ ಮನೆಯ ಬೇಸ್‌ಮೆಂಟಿನಲ್ಲೇ ಇದ್ದ ನನ್ನ ಆಫೀಸು ಮೇಜಿನ ಮುಂದೆ ಕೂರುವ ಹೊತ್ತಿಗೆ ಆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಅದು ಸೂಯೆಜ್ ಕಾಲುವೆ. ನನ್ನ ಎರಡು ಕಂಟೇನರುಗಳು ಬರಬೇಕಾಗಿದ್ದದ್ದು ಅದರ ಮೂಲಕವೇ.

ನಾನು ಆಗ ಅಮೆರಿಕದ ಡೆಟ್ರಾಯಿಟ್ ಹತ್ತಿರದ ಟ್ರಾಯ್ ಎಂಬ ಊರಿನ ಒಂದು ಕಂಪನಿಯಲ್ಲಿ ಮಟೀರಿಯಲ್ ಪ್ಲಾನರ್ ಆಗಿದ್ದೆ. ಕಾರಿನ ಬ್ರೇಕುಗಳನ್ನು ಜೋಡಿಸಿ ಕಾರು ತಯಾರಿಸುವವರಿಗೆ ಒದಗಿಸುವ ಕಂಪನಿ. ಯಾವ ಬಿಡಿಭಾಗ ಎಲ್ಲಿಂದ, ಯಾವ ದಿನ, ಎಷ್ಟು ಬರಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳಲ್ಲಿ ಒಂದು, ಬ್ರೇಕನ್ನು ಚಕ್ರದ ಬಳಿ ಬಿಗಿಯಾಗಿ ಹಿಡಿದಿಡುವ ಬ್ರಾಕೆಟ್. ಎರಕದ ಕಬ್ಬಿಣದ್ದು. ಅಂಗೈಗಿಂತ ದೊಡ್ಡದು, ಎತ್ತಿದರೆ ಅಡುಗೆಮನೆಯ ಕುಟ್ಟಾಣಿಯಷ್ಟು ಭಾರ. ಅದು ತಯಾರಾಗುತ್ತಿದ್ದದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಅಲ್ಲಿಂದ ಲಾರಿಯಲ್ಲಿ ಮುಂಬಯಿ ಬಂದರು, ಹಡಗಿನಲ್ಲಿ ಸೂಯೆಜ್ ದಾಟಿ ಅಟ್ಲಾಂಟಿಕ್, ಆಮೇಲೆ ರೈಲಿನಲ್ಲಿ ಡೆಟ್ರಾಯಿಟ್. ನಾನು ಮೈಸೂರಿನವಳು, ಬೆಳಗಾವಿಯನ್ನು ಕಂಡವಳೇ ಅಲ್ಲ. ಆದರೆ ಅಲ್ಲಿಯ ಒಂದು ಫೌಂಡ್ರಿಯ ಕುಲುಮೆ ಯಾವ ದಿನ ರಿಪೇರಿಗೆ ನಿಲ್ಲುತ್ತದೆ ಅನ್ನುವುದು ಡೆಟ್ರಾಯಿಟ್ ಪಕ್ಕದ ನೋವೈಯ ಮನೆಯಲ್ಲಿ ಕೂತ ನನಗೆ ಬಾಯಿಪಾಠವಾಗಿತ್ತು.

ನಮ್ಮ ಮಾಲು ಸಾಗಿಸುವ ಹಡಗು ಕಂಪನಿಯವರ ಇಮೇಲ್ ಬಂದು ಆಗಲೇ ಎರಡು ದಿನವಾಗಿತ್ತು. ನಾನು ಅದನ್ನು ತೆರೆದಿರಲಿಲ್ಲ. ‘ಸಂಚಾರದಲ್ಲಿ ಅಡಚಣೆ’ ಎಂಬ ತಲೆಬರಹದ ಇಮೇಲುಗಳು ವಾರಕ್ಕೆ ಹತ್ತು ಬರುತ್ತಿದ್ದವು. ಹಡಗುಗಳು ಎಲ್ಲಿವೆ ಎಂದು ತೋರಿಸುವ ನಕ್ಷೆ ತೆರೆದೆ. ಕಾಲುವೆಯ ದಕ್ಷಿಣದ ಬಾಯಲ್ಲಿ, ಕೆಂಪು ಸಮುದ್ರದ ತುದಿಯಲ್ಲಿ, ಹಡಗುಗಳ ಗುರುತುಗಳು ಸಕ್ಕರೆ ಚೆಲ್ಲಿದ ಕಡೆ ಇರುವೆ ಮುತ್ತಿದಂತೆ ಮುತ್ತಿಕೊಂಡಿದ್ದವು. ನಮ್ಮ ಕಂಟೇನರುಗಳಿದ್ದ ಹಡಗನ್ನು ಹುಡುಕಲು ಹತ್ತು ನಿಮಿಷ ಹಿಡಿಯಿತು. ವೇಗ: ಸೊನ್ನೆ.

ಇದರಲ್ಲಿ ನನ್ನ ತಪ್ಪು ಇತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲು ನಾವು ಆ ಬ್ರಾಕೆಟ್ಟುಗಳನ್ನು ನಾಲ್ಕು ವಾರಕ್ಕಾಗುವಷ್ಟು ಗೋದಾಮಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಹಿಂದಿನ ಶರತ್ಕಾಲದಲ್ಲಿ ನಮ್ಮ ಮ್ಯಾನೇಜರ್ ಗೋದಾಮು ಖಾಲಿ ಮಾಡಿಸಬೇಕು ಎಂದಾಗ, ಹತ್ತು ದಿನದ ದಾಸ್ತಾನು ಸಾಕು ಎಂದು ಲೆಕ್ಕ ಹಾಕಿ ತೋರಿಸಿದವಳು ನಾನು. ಹಡಗುಗಳು ಎರಡು ವರ್ಷದಿಂದ ಸಮಯಕ್ಕೆ ಸರಿಯಾಗಿ ಬರುತ್ತಿವೆ ಎಂದು ಚಾರ್ಟು ಹಾಕಿದ್ದೆ. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಮಗಳು ಮೇಲಿನ ಕೋಣೆಯಲ್ಲಿ ಆನ್‌ಲೈನ್ ಕ್ಲಾಸಿನಲ್ಲಿದ್ದಳು. ಹನ್ನೊಂದು ವರ್ಷದವಳು. ಊಟದ ಬಿಡುವಿಗೆ ಕೆಳಗೆ ಬಂದು, ನನ್ನ ಹಿಂದೆ ನಿಂತು ಪರದೆ ನೋಡಿದಳು.

“ವೈ ಆರ್ ಯು ಕ್ರೈಯಿಂಗ್? ಇಟ್ಸ್ ಜಸ್ಟ್ ಅ ಬೋಟ್, ಅಮ್ಮ.”

ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಆಗಲೇ.

ಅವಳಿಗೆ ಏನಂತ ಹೇಳಲಿ? ನಾವು ಈ ದೇಶದಲ್ಲಿ ಇದ್ದದ್ದು ನನ್ನ ವೀಸಾದ ಮೇಲೆ. ಆ ವೀಸಾ ಇದ್ದದ್ದು ಈ ಕೆಲಸದ ಮೇಲೆ. ಕೆಲಸ ಹೋದರೆ ಅರವತ್ತು ದಿನ. ಅಷ್ಟರೊಳಗೆ ಇನ್ನೊಂದು ಕೆಲಸ, ಇಲ್ಲವಾದರೆ ಗಂಟುಮೂಟೆ. ನನ್ನ ಗಂಡನಿಗೆ ಕೆಲಸ ಮಾಡುವ ಪರವಾನಗಿ ಮುಗಿದು ಆರು ತಿಂಗಳಾಗಿತ್ತು. ನವೀಕರಣಕ್ಕೆ ಹಾಕಿದ ಅರ್ಜಿ ಎಲ್ಲೋ ಕೂತಿತ್ತು. ಅವನು ಇಂಜಿನಿಯರ್. ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ಆ ಆರು ತಿಂಗಳಲ್ಲಿ ಅವನು ಮನೆಯ ಪ್ರತಿಯೊಂದು ಕದದ ಕೀಲಿಗೂ ಎಣ್ಣೆ ಬಿಟ್ಟು ಮುಗಿಸಿದ್ದ. ದಿನಾ ಮಧ್ಯಾಹ್ನ ಪೋಸ್ಟ್ ಡಬ್ಬಿಯವರೆಗೆ ನಡೆದು ಹೋಗುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ.

ಅಡ್ಡ ನಿಂತಿದ್ದ ಹಡಗು ಆರು ದಿನಕ್ಕೆ ಬಿಡಿಸಿಕೊಂಡಿತು. ಜಗತ್ತು ಅದನ್ನು ಮರೆತು ಬೇರೆ ತಮಾಷೆಗೆ ಹೊರಳಿತು. ನನ್ನ ಪಾಡು ಶುರುವಾದದ್ದು ಆಮೇಲೆ. ಸಾಲಿನಲ್ಲಿ ನಿಂತಿದ್ದ ನೂರಾರು ಹಡಗುಗಳು ಒಟ್ಟಿಗೇ ಹೊರಟವು, ಒಟ್ಟಿಗೇ ಬಂದರುಗಳ ಮೇಲೆ ಬಿದ್ದವು. ಇಳಿಸಲು ಜಾಗವಿಲ್ಲ, ಸಾಗಿಸಲು ರೈಲು ಡಬ್ಬಿಯಿಲ್ಲ. ಆರು ದಿನ ಹನ್ನೆರಡಾಯಿತು, ಹನ್ನೆರಡು ಹದಿನೆಂಟಾಯಿತು. ನಾನು ದಿನಕ್ಕೆ ನಾಲ್ಕು ಸಲ ಲೆಕ್ಕ ಮಾಡುತ್ತಿದ್ದೆ. ಎಷ್ಟು ಸಲ ಮಾಡಿದರೂ ಏಪ್ರಿಲ್ ಮಧ್ಯದಲ್ಲಿ ನಾಲ್ಕು ದಿನದ ಒಂದು ಗುಂಡಿ ಕಾಣಿಸುತ್ತಿತ್ತು. ಆ ನಾಲ್ಕು ದಿನ ನಮ್ಮಲ್ಲಿ ಬ್ರಾಕೆಟ್ ಇರುವುದಿಲ್ಲ. ನಮ್ಮಲ್ಲಿ ಬ್ರೇಕ್ ಇಲ್ಲವೆಂದರೆ ಅವರ ಕಾರು ಕಾರ್ಖಾನೆ ನಿಲ್ಲುತ್ತದೆ. ನಮ್ಮ ಕಸುಬಿನಲ್ಲಿ ಗಿರಾಕಿಯ ಲೈನ್, ಅಂದರೆ ಕಾರು ಜೋಡಿಸುವ ಸಾಲು, ನಿಲ್ಲಿಸುವುದಕ್ಕಿಂತ ದೊಡ್ಡ ಪಾಪವಿಲ್ಲ.

ಬೆಳಗಾವಿ ಫೌಂಡ್ರಿಯಲ್ಲಿ ಮಾಲು ಕಳಿಸುವ ವಿಭಾಗ ನೋಡಿಕೊಳ್ಳುತ್ತಿದ್ದವರು ಐವತ್ತೈದು ದಾಟಿದ ಒಬ್ಬರು. ಮೂರು ವರ್ಷದಿಂದ ಫೋನಿನಲ್ಲಿ ಮಾತ್ರ ಪರಿಚಯ. ನನಗೆ ಬೆಳಿಗ್ಗೆಯಾದರೆ ಅವರಿಗೆ ಸಂಜೆ. ಮೊದಮೊದಲು ಅವರು ಇಂಗ್ಲಿಷಿನಲ್ಲಿ ಒದ್ದಾಡುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿದ ದಿನ, “ಅಯ್ಯ, ನೀವು ನಮ್ಮವರ ಅನ್ರಿ!” ಎಂದು ಜೋರಾಗಿ ನಕ್ಕಿದ್ದರು.

“ವಿಮಾನದಲ್ಲಿ ಎಷ್ಟು ಕಳಿಸೋಕಾಗುತ್ತೆ ಸರ್?” ಎಂದು ಕೇಳಿದೆ.

“ಎರಡ ಸಾವಿರದ ಮ್ಯಾಲ ಆಗೂದಿಲ್ರಿ ಮೇಡಮ್ಮಾರ. ಜಾಗಾನ ಇಲ್ಲ. ಎಲ್ಲಾರೂ ವಿಮಾನಕ್ಕ ಬಿದ್ದಾರ. ಮತ್ತ ಇಲ್ಲಿ ಕೊರೊನಾ ಬ್ಯಾನಿ ಸುರು ಆಗೇತಿ, ಹುಡುಗರು ಅರ್ಧಕ್ಕರ್ಧ ಬಂದಿಲ್ಲ.”

ಎರಡು ಸಾವಿರ ಎಂದರೆ ನಮಗೆ ಎರಡೂವರೆ ದಿನವೂ ಪೂರ್ತಿ ಬರುವುದಿಲ್ಲ. ಆದರೂ ಕಳಿಸಿದರು. ಒಂದೂವರೆ ದಿನ ಚಿಲ್ಲರೆಯ ಗುಂಡಿ ಹಾಗೇ ಉಳಿಯಿತು.

ಆಗ ನಮ್ಮ ಮ್ಯಾನೇಜರಿಗೆ ಒಂದು ವಿಷಯ ನೆನಪಾಯಿತು. ಅವರು ಇಲ್ಲಿಯವರೇ, ಇಪ್ಪತ್ತು ವರ್ಷದಿಂದ ಇದೇ ಕಸುಬಿನಲ್ಲಿ ಇದ್ದವರು. ಕೆಟ್ಟವರಲ್ಲ, ಆ ವಾರಗಳಲ್ಲಿ ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ಎರಡು ವರ್ಷದ ಹಿಂದೆ ಬೆಳಗಾವಿಯಿಂದ ಬಂದ ಒಂದು ಲಾಟ್, ಅಂದರೆ ಒಂದು ಕಂತಿನ ಮಾಲು, ತಪಾಸಣೆಯಲ್ಲಿ ತಿರಸ್ಕೃತವಾಗಿ, ಷಿಕಾಗೋ ಕಡೆ, ಲಿಸ್ಲ್ ಹತ್ತಿರದ ಬಾಡಿಗೆ ಗೋದಾಮಿನಲ್ಲಿ ಬಿದ್ದಿತ್ತು. ಗುಜರಿಗೆ ಹಾಕುತ್ತೇವೆ ಎಂದು ಹೇಳಿ ಎಲ್ಲರೂ ಮರೆತಿದ್ದರು. ಸಾವಿರದ ಮುನ್ನೂರ ಎಂಬತ್ತು ಬ್ರಾಕೆಟ್ಟುಗಳು. ನಮ್ಮ ಗುಂಡಿಗೆ ಅಳತೆ ತೆಗೆದು ಮಾಡಿಸಿದಂತಿತ್ತು.

“ಅದು ಬರೀ ತುಕ್ಕಿಗೆ ತಿರಸ್ಕಾರವಾದದ್ದು ಅಂತ ನನ್ನ ನೆನಪು,” ಎಂದರು ಮ್ಯಾನೇಜರ್. “ನೀನೇ ಹೋಗಿ ನೋಡು. ತುಕ್ಕು ಉಜ್ಜಿದರೆ ಹೋಗುವಂಥದ್ದಾದರೆ, ಬಳಸಬಹುದು ಅಂತ ಒಂದು ಪತ್ರಕ್ಕೆ ಸಹಿ ಹಾಕಿ ಲಾರಿಗೆ ತುಂಬಿಸು.”

ನಾನು ಹೂಂ ಎಂದೆ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಗಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಮಗಳನ್ನು ನಮ್ಮ ಬಡಾವಣೆಯಲ್ಲೇ ಇದ್ದ ಒಬ್ಬ ಕನ್ನಡದ ಆಂಟಿಯ ಮನೆಯಲ್ಲಿ ಬಿಟ್ಟು ಹೊರಟೆವು. ಗಂಡ ಡ್ರೈವ್ ಮಾಡಿದ. ಇನ್ನೂರ ಎಂಬತ್ತು ಮೈಲಿ. ಕಲಮಜೂ ಎಂಬ ಊರು ದಾಟಿದೆವು. ರಸ್ತೆಯ ಪಕ್ಕದ ಹೊಲಗಳಲ್ಲಿ ಹಿಂದಿನ ವರ್ಷದ ಜೋಳದ ಕೂಳೆ ಹಾಗೇ ನಿಂತಿತ್ತು. ಆಂಟಿ ಕಟ್ಟಿಕೊಟ್ಟಿದ್ದ ಚಪಾತಿಯ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು, ತೆರೆಯಲಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಹಳೆಯ ಕಡತಗಳನ್ನು ಹುಡುಕುತ್ತಿದ್ದೆ, ಆ ಲಾಟಿನ ತಪಾಸಣಾ ವರದಿಗಾಗಿ.

ಪಕ್ಕದ ರಾಜ್ಯ ಇಂಡಿಯಾನಾ ಹೊಕ್ಕ ಮೇಲೆ ಅದು ಸಿಕ್ಕಿತು. ಮೊದಲ ಸಾಲಿನಲ್ಲಿ ತುಕ್ಕು ಎಂದು ಇತ್ತು, ನಿಜ. ಎರಡನೇ ಸಾಲಿನಲ್ಲಿ, ಕೆಲವು ತುಂಡುಗಳ ಬೋಲ್ಟು ತೂತಿನ ಹತ್ತಿರ ಎರಕದ ಒಳಗೆ ಗಾಳಿಗುಳ್ಳೆಗಳು ಕಂಡಿವೆ, ಎಕ್ಸ್‌ರೇ ಇಲ್ಲದೆ ಬೇರ್ಪಡಿಸಲಾಗದು ಎಂದು ಇತ್ತು.

ನಾನು ಅದನ್ನು ಗಂಡನಿಗೆ ಓದಿ ಹೇಳಿದೆ.

“ಎಲ್ಲಾದ್ರಲ್ಲೂ ಇಲ್ವಲ್ಲ. ಕೆಲವು ಅಂತ ತಾನೆ ಬರೆದಿರೋದು?”

“ಯಾವ ಕೆಲವು ಅಂತ ಗೊತ್ತಿಲ್ವಲ್ಲ.”

“ಮ್ಯಾನೇಜರೇ ತುಕ್ಕು ಅಂದ್ರು. ನೀನೂ ತುಕ್ಕು ಅಂತ ಬರಿ. ಅವರು ಹೇಳಿದ್ದು ನೀನು ಮಾಡ್ದೆ, ಅಷ್ಟೆ.”

“ಬ್ರೇಕ್ ಕಣೋ ಇದು.”

“ಗೊತ್ತು ಕಣೇ, ನಂಗೂ ಗೊತ್ತು,” ಎಂದು ಅವನು ಸಿಡುಕಿದ. “ಆದ್ರೆ ಜೂನ್‌ನಲ್ಲಿ ನಾವು ಎಲ್ಲಿರ್ತೀವಿ, ಅದನ್ನೂ ಹೇಳು.”

ಅವನನ್ನು ನಾನು ದೂರುವುದಿಲ್ಲ. ಅವನು ಹೇಳಿದ್ದನ್ನೇ ನಾನೂ ಒಳಗೊಳಗೆ ಹೇಳಿಕೊಳ್ಳುತ್ತಿದ್ದೆ. ಸಹಿಯ ಪತ್ರವನ್ನು ಆಗಲೇ ಅರ್ಧ ತುಂಬಿಸಿಯೂ ಇದ್ದೆ. ‘ತಿರಸ್ಕಾರಕ್ಕೆ ಕಾರಣ’ ಎಂಬಲ್ಲಿ ‘ಮೇಲ್ಮೈ ತುಕ್ಕು’ ಎಂದು ಟೈಪ್ ಮಾಡಿದ್ದೆ. ಅಳಿಸಿರಲಿಲ್ಲ.

ಗೋದಾಮು ತಣ್ಣಗಿತ್ತು. ಅಲ್ಲಿದ್ದ ಒಬ್ಬನೇ ಕೆಲಸಗಾರ, ಬಿಳಿ ಗಡ್ಡದವನು, ಫೋರ್ಕ್‌ಲಿಫ್ಟಿನಲ್ಲಿ ಮಾಲು ಪೇರಿಸಿದ ನಾಲ್ಕು ಮರದ ಪ್ಯಾಲೆಟ್ ತಂದು ನೆಲಕ್ಕಿಳಿಸಿ, ಐದು ಗಂಟೆಗೆ ಬಾಗಿಲು ಹಾಕುತ್ತೇವೆ ಎಂದು ಹೇಳಿ ಹೋದ. ಪ್ಲಾಸ್ಟಿಕ್ ಹಾಳೆ ಸೀಳಿದೆ. ಕೆಂಪು ಚೀಟಿಗಳು ಇನ್ನೂ ಅಂಟಿಕೊಂಡಿದ್ದವು. ಒಂದು ಬ್ರಾಕೆಟ್ ಕೈಗೆತ್ತಿಕೊಂಡೆ. ತುಕ್ಕು ಕಿತ್ತಳೆ ಪುಡಿಯಾಗಿ ಬೆರಳಿಗೆ ಹತ್ತಿತು. ಬೋಲ್ಟಿನ ತೂತಿನ ಸುತ್ತ ಉಗುರಿನಿಂದ ಕೆರೆದು ನೋಡಿದೆ. ನಯವಾಗಿ, ಗಟ್ಟಿಯಾಗಿ, ಏನೂ ತಪ್ಪಿಲ್ಲದಂತೆ ಇತ್ತು. ಒಳಗೆ ಏನಿದೆಯೋ ಯಾರು ಬಲ್ಲರು. ಪ್ಯಾಲೆಟ್ಟಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪ್ಯಾಂಟಿನೊಳಗೆ ಸಿಮೆಂಟಿನ ತಂಪು ಇಳಿಯುತ್ತಿತ್ತು. ಏಳಲು ಮನಸ್ಸಾಗಲಿಲ್ಲ.

ಆಮೇಲೆ ಬೆಳಗಾವಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆ ಎಂದು ಸರಿಯಾಗಿ ಹೇಳಲಾರೆ. ಅಲ್ಲಿ ರಾತ್ರಿಯೂಟದ ಹೊತ್ತು. ಹಿಂದೆ ಟೀವಿ ಕೇಳಿಸುತ್ತಿತ್ತು. ಲಾಟ್ ನಂಬರ್ ಓದಿದೆ. ಟೀವಿಯ ಸದ್ದು ನಿಂತಿತು.

“ಆ ಲಾಟ್ ನನಗ ಛಲೋ ನೆನಪೈತ್ರಿ,” ಎಂದರು. “ಅದು ಎರಡ ಹೀಟಿನ ಮಾಲು. ಅಂದ್ರ, ಎರಡ ಸಲ ಕಬ್ಬಣ ಕರಗಿಸಿ ಹೊಯ್ದದ್ದು. ಮೊದಲನೇ ಸಲದ್ದು ಛಲೋ ಐತಿ. ಎರಡನೇದಕ್ಕ ಮರಳಿನಾಗ ಹಸಿ ಉಳದಿತ್ರಿ. ಹಸಿ ಇದ್ರ ಒಳಗ ಗುಳ್ಳಿ ಬರತಾವ.”

“ಇದನ್ನ ಆಗ ಯಾಕೆ ಹೇಳ್ಲಿಲ್ಲ ಸರ್?”

“ಯಾರೂ ಕೇಳಲಿಲ್ರಿ. ಪೂರಾ ಲಾಟ್ ಬ್ಯಾಡ ಅಂದ್ರಿ, ನಾವೂ ಬಾಯಿ ಮುಚ್ಕೊಂಡ ಕುಂತ್ವಿ. ನೋಡ್ರಿ ಮೇಡಮ್ಮಾರ, ಬ್ರಾಕೆಟ್ಟಿನ ಬೆನ್ನಿನ ಮ್ಯಾಲ ಅಕ್ಷರದ ಬಾಜೂಕ ಚುಕ್ಕಿ ಇರತಾವ. ಒಂದ ಚುಕ್ಕಿ ಇದ್ರ ಮೊದಲನೇ ಹೀಟ್. ಅದನ್ನ ಎಕ್ಸ್‌ರೇ ಮಾಡಿಸಿ ಧೈರ್ಯದಿಂದ ಹಾಕ್ರಿ. ಎರಡ ಚುಕ್ಕಿ ಇದ್ದದ್ದು ಒಂದೂ ಬಳಸಬ್ಯಾಡ್ರಿ. ಕೈ ಮುಗೀತೀನಿ, ಒಂದೂ ಬ್ಯಾಡ.”

“ಥ್ಯಾಂಕ್ಸ್ ಸರ್.”

“ಇದನ್ನ ನಾ ಹೇಳೇನಿ ಅಂತ ಕಾಗದದಾಗ ಬರೀಬ್ಯಾಡ್ರಿ.” ಉಸಿರೆಳೆದುಕೊಂಡರು. “ಅಲ್ಲ, ಬರೀರಿ. ಬೇಕಾಗತೈತಿ ನಿಮಗ. ನನ್ನ ಹೆಸರ ಹಾಕಿ ಬರೀರಿ.”

ಫೋನ್ ಇಟ್ಟ ಮೇಲೆ ಟೈಪ್ ಮಾಡಿದ್ದ ಎರಡು ಪದಗಳನ್ನು ಅಳಿಸಿದೆ. ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೈಗವಸು ಹಾಕಿಕೊಂಡು ಮೊದಲ ಪ್ಯಾಲೆಟ್ಟಿನ ಮುಂದೆ ಮಂಡಿಯೂರಿದ. ನಾನು ಎದುರು ಕೂತೆ. ಒಂದೊಂದನ್ನೇ ಎತ್ತಿ, ಬೆನ್ನು ತಿರುಗಿಸಿ, ಮನೆಯಿಂದ ತಂದಿದ್ದ ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಫೋನಿನ ಬೆಳಕಿನಲ್ಲಿ ಚುಕ್ಕೆ ನೋಡಿ, ಒಂದು ಚುಕ್ಕೆಯದನ್ನು ಎಡಕ್ಕೆ, ಎರಡು ಚುಕ್ಕೆಯದನ್ನು ಬಲಕ್ಕೆ. ನೂರು ಮುಗಿಯುವಷ್ಟರಲ್ಲಿ ಮಣಿಕಟ್ಟು ಸೋತಿತ್ತು. ಬಲಗಡೆಯ ರಾಶಿ ಬೆಳೆಯುತ್ತಲೇ ಹೋಯಿತು. ಪ್ರತಿ ಸಲ ಎರಡನೇ ಚುಕ್ಕೆ ಕಂಡಾಗ ಗಂಡ ಬಾಯಿಂದ ಚಿಕ್ಕದೊಂದು ಸದ್ದು ಮಾಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅದನ್ನೂ ನಿಲ್ಲಿಸಿದ. ಎರಡು ಗಂಟೆಯ ಹೊತ್ತಿಗೆ ಎಣಿಕೆ ಮುಗಿಯಿತು. ಒಂದು ಚುಕ್ಕೆಯವು ನಾನೂರ ಹನ್ನೆರಡು. ಅರ್ಧ ದಿನಕ್ಕೂ ಸಾಲದು.

ಮ್ಯಾನೇಜರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆಳಗಾವಿಯವರ ಮಾತನ್ನೂ ಹೇಳಿದೆ.

“ಎರಡು ವರ್ಷದ ಹಿಂದಿನ ಚುಕ್ಕೆಗಳ ಬಗ್ಗೆ ಅಷ್ಟು ದೂರದಲ್ಲಿ ಕೂತ ಒಬ್ಬನ ನೆನಪು,” ಎಂದರು ಅವರು. ಧ್ವನಿಯಲ್ಲಿ ಕೋಪವಿರಲಿಲ್ಲ, ಬರೀ ಆಯಾಸ. “ಅದರ ಮೇಲೆ ಗಿರಾಕಿಯ ಲೈನ್ ನಿಲ್ಲಿಸಬೇಕಾ ನಾನು?”

“ವರದಿಯಲ್ಲೂ ಇದೆ. ಎರಡನೇ ಸಾಲು. ನಿಮಗೆ ಕಳಿಸಿದ್ದೇನೆ.”

“ನೋಡಿದೆ. ಆಯಿತು. ನಾನೂರ ಹನ್ನೆರಡನ್ನು ತೆಗೆದುಕೊಂಡು ಬಾ. ಮಿಕ್ಕದ್ದನ್ನು ಅಲ್ಲೇ ಬಿಡು. ನಾಳೆ ಬೇರೆ ಯಾರನ್ನಾದರೂ ಕಳಿಸಿ ಇನ್ನೊಮ್ಮೆ ನೋಡಿಸುತ್ತೇನೆ.”

ಬೇರೆ ಯಾರನ್ನಾದರೂ. ಫೋನ್ ಕಿವಿಯಲ್ಲೇ ಹಿಡಿದು ನಿಂತಿದ್ದೆ, ಅವರು ಆಗಲೇ ಇಟ್ಟಿದ್ದರು. ನನಗಿಂತ ಹೆದರಿದವರು ನಮ್ಮ ಆಫೀಸಿನಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರಲ್ಲಿ ಒಬ್ಬರು ನಾಳೆ ಬರುತ್ತಾರೆ. ಅವರಿಗೂ ವೀಸಾ ಇರುತ್ತದೆ, ಮಕ್ಕಳಿರುತ್ತಾರೆ. ‘ಮೇಲ್ಮೈ ತುಕ್ಕು’ ಎಂದು ಅವರೂ ಟೈಪ್ ಮಾಡುತ್ತಾರೆ, ಮತ್ತು ಅಳಿಸುವುದಿಲ್ಲ.

“ಹತ್ತಿರ ಹಾರ್ಡ್‌ವೇರ್ ಅಂಗಡಿ ಎಲ್ಲಿದೆ ನೋಡೋ,” ಎಂದೆ ಗಂಡನಿಗೆ.

“ಏನಕ್ಕೆ?”

“ಪೇಂಟ್ ಬೇಕು. ಹಳದಿ. ಸ್ಪ್ರೇ ಡಬ್ಬಿ, ಎಷ್ಟು ಸಿಗುತ್ತೋ ಅಷ್ಟು.”

ಅವನು ನನ್ನ ಮುಖ ನೋಡಿದ. ನಾನು ಏನು ಮಾಡಲು ಹೊರಟಿದ್ದೇನೆ ಎಂದು ಅವನಿಗೆ ತಕ್ಷಣ ಅರ್ಥವಾಯಿತು, ಅದರಿಂದ ನಮಗೆ ಏನಾಗುತ್ತದೆ ಎಂಬುದೂ. “ಬೇಡ ಕಣೇ” ಎಂದು ಅವನು ಹೇಳುತ್ತಾನೆ ಎಂದು ಕಾದೆ. ಹೇಳಿದ್ದರೆ ಬಹುಶಃ ನಾನು ಕೇಳುತ್ತಿದ್ದೆ. ಅವನು ವ್ಯಾನಿನ ಕೀ ತೆಗೆದುಕೊಂಡು ಹೊರಗೆ ಹೋದ.

ಅವನು ಬರುವವರೆಗಿನ ಅರ್ಧ ಗಂಟೆ ನನ್ನ ಬದುಕಿನ ಅತಿ ಉದ್ದದ ಅರ್ಧ ಗಂಟೆ. ರಾಶಿಯ ಪಕ್ಕದಲ್ಲಿ ಅತ್ತಿಂದಿತ್ತ ಓಡಾಡಿದೆ. ಮಗಳ ಶಾಲೆ, ಮನೆಯ ಲೀಸು, ಹದಿಮೂರು ವರ್ಷದ ಗ್ರೀನ್ ಕಾರ್ಡ್ ಸರದಿ, ಎಲ್ಲವೂ ಒಂದರ ಮೇಲೊಂದು ಬಂದವು. ಈಗಲೂ ಬಿಟ್ಟು ಹೋಗಬಹುದು. ನಾನು ಸಹಿ ಹಾಕಿಲ್ಲ, ನನ್ನ ಕೈ ಶುದ್ಧ. ಬೇರೆಯವರು ಮಾಡಿದ್ದು ಬೇರೆಯವರಿಗೆ. ಹೀಗೆ ಅಂದುಕೊಂಡು ಬಾಗಿಲವರೆಗೆ ಹೋದೆ. ನಮ್ಮ ವ್ಯಾನ್ ಪಾರ್ಕಿಂಗ್‌ಗೆ ತಿರುಗುತ್ತಿತ್ತು. ಅದರಲ್ಲಿ ಹಿಂದಿನ ಸೀಟಿನ ಕಿಟಕಿಗೆ ಮಗಳು ಚಿಕ್ಕವಳಿದ್ದಾಗ ಅಂಟಿಸಿದ ಚಿಟ್ಟೆಗಳಿದ್ದವು. ಆ ಚಕ್ರಗಳಿಗೂ ಯಾರೋ ಎಲ್ಲೋ ಬ್ರಾಕೆಟ್ ಹಾಕಿದ್ದಾರೆ, ಅದನ್ನು ನೋಡಿ ಕಳಿಸಿದವರು ಯಾರೋ ಇದ್ದಾರೆ ಎಂದು ಹೊಳೆಯಿತು. ಅಷ್ಟೇ. ಅದಕ್ಕಿಂತ ದೊಡ್ಡ ಯೋಚನೆ ಏನೂ ಬರಲಿಲ್ಲ.

ಒಂಬೈನೂರ ಅರವತ್ತೆಂಟು ಬ್ರಾಕೆಟ್ಟುಗಳನ್ನು ಸಾಲಾಗಿ ಹರಡಿ, ಗುಜರಿಯ ಗುರುತಾಗಿ ಅಡ್ಡಕ್ಕೆ ಹಳದಿ ಪಟ್ಟೆ ಎಳೆದೆವು. ಬೋಲ್ಟಿನ ತೂತುಗಳ ಒಳಗೂ ಹೊಡೆದೆವು, ಯಾರೂ ಸುಲಭವಾಗಿ ಒರೆಸಬಾರದೆಂದು. ವಾಸನೆಗೆ ತಲೆ ಸುತ್ತಿತು. ಫೋರ್ಕ್‌ಲಿಫ್ಟಿನವನು ಬಂದು ನೋಡಿ, ಇದಕ್ಕೆ ಕಾಗದ ಇದೆಯಾ ಎಂದು ಕೇಳಿದ. ನಾನು ಕಂಪನಿಯ ಬ್ಯಾಡ್ಜ್ ತೋರಿಸಿ, ನಾನೇ ಬರೆದುಕೊಡುತ್ತೇನೆ ಎಂದೆ. ‘ಬಳಕೆಗೆ ಯೋಗ್ಯವಲ್ಲ, ಗುಜರಿಗೆ’ ಎಂದು ಬರೆದು, ಕಾರಣ ಬರೆದು, ಬೆಳಗಾವಿಯವರ ಹೆಸರನ್ನೂ ಹಾಕಿ, ಕೆಳಗೆ ಸಹಿ ಮಾಡಿದೆ. ಅವನು ಬ್ರಾಕೆಟ್ ಒಂದನ್ನು ಎತ್ತಿ ನೋಡಿ, ಕೆಳಗಿಟ್ಟು, ಕಿಟಕಿಗಳನ್ನೆಲ್ಲ ತೆರೆದು ಹೋದ.

ಒಳ್ಳೆಯ ನಾನೂರ ಹನ್ನೆರಡನ್ನು ಲಾರಿಗೆ ತುಂಬಿಸಿ ಕಳಿಸಿ, ನಾವು ವಾಪಸು ಹೊರಟೆವು. ಇಂಡಿಯಾನಾ ದಾಟುವ ಮುಂಚೆಯೇ ಫೋನ್ ಬಂತು. ಗೋದಾಮಿನವರು ಮ್ಯಾನೇಜರಿಗೆ ತಿಳಿಸಿದ್ದರು.

“ನೀನು ಏನು ಮಾಡಿದೆ ಅಂತ ನಿನಗೆ ಗೊತ್ತಾ?” ಎಂದರು.

“ಗೊತ್ತು.”

“ಯಾರು ಅನುಮತಿ ಕೊಟ್ಟರು?”

“ಯಾರೂ ಇಲ್ಲ.”

ಅವರು ಫೋನ್ ಇಟ್ಟುಬಿಟ್ಟರು. ಅದಕ್ಕಿಂತ ಬೈಗುಳವೇ ವಾಸಿ ಅನಿಸಿತು. ಗಂಡ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಿಂದ ನನ್ನ ಕೈ ಹಿಡಿದುಕೊಂಡ. ಇಬ್ಬರ ಬೆರಳೂ ಹಳದಿಯಾಗಿ ಅಂಟಂಟಾಗಿದ್ದವು.

ಎಕ್ಸ್‌ರೇಯಲ್ಲಿ ಒಂದು ಚುಕ್ಕೆಯವೆಲ್ಲ ಪಾಸಾದವು. ಎರಡು ಚುಕ್ಕೆಯವನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ನಾನು ಏನನ್ನಾದರೂ ಉಳಿಸಿದೆನೋ ಇಲ್ಲವೋ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಗಿರಾಕಿಯ ಲೈನ್ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚೇ ನಿಂತಿತು. ಅಲ್ಲಿಯ ಕೆಲಸಗಾರರನ್ನು ಮನೆಗೆ ಕಳಿಸಿದರು ಎಂದು ಕೇಳಿದೆ. ಆ ದಿನ ನಾನು ಬೇಸ್‌ಮೆಂಟಿನಲ್ಲಿ ಲೈಟು ಕೂಡ ಹಾಕದೆ ಕೂತಿದ್ದೆ. ಕಂಟೇನರುಗಳು ಕೊನೆಗೂ ಬಂದಾಗ ಅವುಗಳೊಳಗಿನ ಪೆಟ್ಟಿಗೆಗಳು ಒಂದು ಗೀರೂ ಇಲ್ಲದೆ ನೆಟ್ಟಗಿದ್ದವು.

ಬೆಳಗಾವಿಯವರ ಫೋನ್ ಏಪ್ರಿಲ್ ಕೊನೆಗೆ ನಿಂತುಹೋಯಿತು. ಅವರ ಇಮೇಲಿಗೆ ಬೇರೆ ಯಾರೋ ಉತ್ತರ ಕೊಡತೊಡಗಿದರು. ಕೇಳಿದ್ದಕ್ಕೆ, ಸಾಹೇಬರು ಆಸ್ಪತ್ರೆಯಲ್ಲಿದ್ದಾರೆ, ಆಕ್ಸಿಜನ್ ಹಾಕಿದ್ದಾರೆ ಎಂದರು. ಆಗ ಇಡೀ ಇಂಡಿಯಾ ಹಾಗೇ ಇತ್ತು. ಮೂರು ವಾರ ನಾನು ಅವರ ನಂಬರಿಗೆ ಸುಮ್ಮನೆ ಮೆಸೇಜ್ ಕಳಿಸುತ್ತಿದ್ದೆ. ಅವರ ಹೆಸರನ್ನು ಆ ಕಾಗದದಲ್ಲಿ ಬರೆದದ್ದರಿಂದ ಅವರಿಗೆ ಕೆಲಸದಲ್ಲಿ ತೊಂದರೆಯಾಗಿದೆಯೋ ಏನೋ ಎಂದು ಕೇಳಲೂ ಆಗದೆ ಒದ್ದಾಡಿದೆ. ಒಂದು ಬೆಳಿಗ್ಗೆ ಅವರದೇ ಫೋನ್. ಧ್ವನಿ ಒಡೆದುಹೋಗಿತ್ತು.

“ಉಳದೇನ್ರಿ ಮೇಡಮ್ಮಾರ,” ಎಂದರು. “ಮಾಲಕರು ಬೈದ್ರು ಖರೆ, ಕೆಲಸದಿಂದ ತಗೀಲಿಲ್ಲ. ನಿಮ್ಮದೇನಾತು?”

ನನ್ನದು ಅದರ ಹಿಂದಿನ ದಿನವೇ ಆಗಿತ್ತು. ಕಂಪನಿಯಲ್ಲಿ ಬದಲಾವಣೆಗಳು, ಪ್ಲಾನಿಂಗ್ ವಿಭಾಗ ಚಿಕ್ಕದು ಮಾಡುತ್ತಿದ್ದೇವೆ, ನಿಮ್ಮ ಹುದ್ದೆ ಇರುವುದಿಲ್ಲ ಎಂದು ಹದಿನೈದು ನಿಮಿಷದ ವೀಡಿಯೋ ಕರೆಯಲ್ಲಿ ಹೇಳಿದ್ದರು. ಬ್ರಾಕೆಟ್ಟಿನ ಮಾತು ಬರಲೇ ಇಲ್ಲ. ಮ್ಯಾನೇಜರ್ ಕ್ಯಾಮೆರಾ ಆಫ್ ಮಾಡಿಕೊಂಡಿದ್ದರು. ಕಾಯಿಲೆಯಿಂದ ಎದ್ದವರಿಗೆ ಅದನ್ನು ಹೇಳಲು ಮನಸ್ಸು ಬರದೆ, “ನಡೀತಿದೆ ಸರ್” ಎಂದೆ.

ಅರವತ್ತು ದಿನ ಹೇಗಿರುತ್ತವೆ ಎಂದು ಅನುಭವಿಸದವರಿಗೆ ಹೇಳುವುದು ಕಷ್ಟ. ಬೆಳಿಗ್ಗೆ ಎದ್ದ ತಕ್ಷಣ ಒಂದು ಸಂಖ್ಯೆ ಬಾಯಿಗೆ ಬರುತ್ತದೆ. “ಅಪ್ಲೈ ಮಾಡಿದೀನಿ” ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳಿದೆನೋ. ಇಂಟರ್‌ವ್ಯೂಗಳಲ್ಲಿ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು. ಮೊದಲ ಮೂರರಲ್ಲಿ ಸುಳ್ಳು ಹೇಳಿದೆ. ಆಮೇಲೆ ನಿಜ ಹೇಳಿದೆ. ಎರಡಕ್ಕೂ ಉತ್ತರ ಒಂದೇ ಆಗಿತ್ತು. ಇಪ್ಪತ್ತೆರಡನೇ ದಿನ ಗಂಡ ಪೋಸ್ಟ್ ಡಬ್ಬಿಯಿಂದ ಓಡುತ್ತಾ ಬಂದ. ಅವನ ಕೆಲಸದ ಪರವಾನಗಿಯ ಕಾರ್ಡ್ ಬಂದಿತ್ತು. ಅವನು ಲಕೋಟೆ ಹರಿದು, ತನ್ನ ಫೋಟೋ ನೋಡಿ, ನಗಲು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಆ ಕಾರ್ಡಿಗೆ ಜೀವ ಇರುವುದು ನನ್ನ ವೀಸಾ ಇರುವವರೆಗೆ ಮಾತ್ರ. ಅದನ್ನು ಅವನು ಫ್ರಿಜ್ಜಿನ ಮೇಲೆ ಇಟ್ಟ. ಇಬ್ಬರೂ ಅದರ ಕಡೆ ನೋಡದೆ ಅಡುಗೆಮನೆಯಲ್ಲಿ ಓಡಾಡುವುದನ್ನು ಕಲಿತೆವು.

ಐವತ್ತನಾಲ್ಕನೇ ದಿನ ಲಿಸ್ಲ್‌ನ ಒಂದು ಕಂಪನಿಯಿಂದ ಆಫರ್ ಬಂತು. ಬೇಕರಿ ಯಂತ್ರಗಳ ಬಿಡಿಭಾಗ ಮಾರುವವರು. ಹುದ್ದೆ ಹಿಂದಿನದಕ್ಕಿಂತ ಎರಡು ಮೆಟ್ಟಿಲು ಕೆಳಗೆ, ಆದರೆ ವೀಸಾ ಉಳಿಯುವಂಥದ್ದು. ಸಂದರ್ಶನ ಮಾಡಿದ ಹೆಂಗಸು ನನ್ನ ಹಳದಿ ಪೇಂಟಿನ ಕಥೆಯನ್ನು ಪೂರ್ತಿ ಕೇಳಿ, ಮುಂದಿನ ಪ್ರಶ್ನೆಗೆ ಹೋಗಿದ್ದಳು. ಆ ಕಾರಣಕ್ಕೇ ಕೊಟ್ಟಳೋ, ಬೇರೆ ಯಾರೂ ಸಿಗದೆ ಕೊಟ್ಟಳೋ, ನಾನು ಕೇಳಿಲ್ಲ.

ನೋವೈ ಮನೆ ಖಾಲಿ ಮಾಡಿದ ದಿನ ಮಗಳು ತನ್ನ ಗೆಳತಿಯನ್ನು ಅಪ್ಪಿಕೊಂಡು ಬಿಡಲಿಲ್ಲ. ಅವಳ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು. ದಾರಿಯುದ್ದಕ್ಕೂ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಇದ್ದಳು. ಹೊಸ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಸಾಮಾನು ಇಳಿದಿರಲಿಲ್ಲ. ಕಾರ್ಪೆಟ್ಟಿನ ಮೇಲೆ ಕೂತು ಡಬ್ಬಿಯಲ್ಲಿ ತಂದಿದ್ದ ಮೊಸರನ್ನವನ್ನು ಕಾಗದದ ತಟ್ಟೆಗಳಲ್ಲಿ ತಿಂದೆವು. ಕಿಟಕಿಗೆ ಪರದೆ ಇರಲಿಲ್ಲ, ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು:

“ಹೌ ಲಾಂಗ್ ಆರ್ ವಿ ಸ್ಟೇಯಿಂಗ್ ಹಿಯರ್?”

ಗಂಡ ನನ್ನ ಮುಖ ನೋಡಿದ. ಏನಾದರೂ ಸಮಾಧಾನ ಹೇಳಬಹುದಿತ್ತು.

“ಗೊತ್ತಿಲ್ಲ ಪುಟ್ಟಿ,” ಎಂದೆ. “ನಂಗೆ ನಿಜವಾಗ್ಲೂ ಗೊತ್ತಿಲ್ಲ.”

ಅವಳು ತಟ್ಟೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು.